ಮೂಗಿಗೆ ರಜೆ

ಈ ಕಥೆಯನ್ನು ಬಚ್ಚಲುಮನೆಯಿಂದಲೇ ಶುರು ಮಾಡಬೇಕು, ಬೇರೆ ದಾರಿಯಿಲ್ಲ. ನಾನು ತಲೆತುಂಬ ಶಾಂಪೂ ಹಚ್ಚಿಕೊಂಡು ಕಣ್ಣು ಮುಚ್ಚಿ ನಿಂತಿದ್ದೆ. ಬಾಗಿಲು ದಬದಬ ಬಡಿಯಿತು.

"ಹೇಗಿದೆ?"

"ಏನು ಹೇಗಿದೆ?"

"ಘಮ ಕಣೇ! ಪುದೀನ! ಬರ್ತಿದೆಯಾ?"

"ಚಿಕ್ಕಮ್ಮಾ, ನಾನು ಸ್ನಾನ ಮಾಡ್ತಿದೀನಿ!"

"ಮಾಡು, ಬೇಡ ಅಂದೋರು ಯಾರು? ಮಾಡ್ತಾ ಮಾಡ್ತಾನೇ ಸ್ವಲ್ಪ ಮೂಸು."

ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಲೋಟದಲ್ಲಿ ಮೇಣ ಕರಗುತ್ತಿತ್ತು. ಉಸಿರು ಎಳೆದೆ. ಮೂಗಿಗೆ ನೊರೆ ಹೋಯಿತು. "ಅಷ್ಟೇನಿಲ್ಲ" ಎಂದು ಕೂಗಿದೆ. ಹೊರಗೆ ಚಪ್ಪಲಿಯ ಸದ್ದು ಪಟಪಟ ಅಡುಗೆಮನೆ ಕಡೆ ಓಡಿತು. ಇನ್ನೆರಡು ಹನಿ ಎಣ್ಣೆ ಬೀಳುತ್ತದೆ ಎಂದು ಅರ್ಥ.

ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಕಾಲೇಜು ಹತ್ತಿರ ಅಂತ ನಾನು ಅವಳ ಮನೆಯಲ್ಲೇ ಇದ್ದೇನೆ. ಮನೆಯಲ್ಲಿ ನಾವು ನಾಲ್ಕೇ ಜನ: ಚಿಕ್ಕಮ್ಮ, ಶಾಲಾ ವ್ಯಾನ್ ಓಡಿಸುವ ಚಿಕ್ಕಪ್ಪ, ಚಿಕ್ಕಪ್ಪನ ತಾಯಿ ಅಂದರೆ ಅಜ್ಜಿ, ಮತ್ತೆ ನಾನು. ಮದುವೆಗೂ ಮುಂಚಿನಿಂದ ಚಿಕ್ಕಮ್ಮನ ಕೆಲಸ ಮೇಣದಬತ್ತಿಯ ಕಾರ್ಖಾನೆಯಲ್ಲಿ. ಕಾರ್ಖಾನೆ ಅಂದರೆ ದೊಡ್ಡದೇನಲ್ಲ, ಗ್ಯಾರೇಜಿನ ಹಿಂದೆ ಒಂದು ತಗಡಿನ ಶೆಡ್ಡು. ಮೇಣ ಕರಗಿಸು, ಎಣ್ಣೆ ಬೆರೆಸು, ಲೋಟಕ್ಕೆ ಸುರಿ, ಬತ್ತಿ ನೆಟ್ಟಗೆ ನಿಲ್ಲಿಸು. ಅವಳ ಕೈಯ ಹಿಂಭಾಗದಲ್ಲಿ ಬಿಸಿ ಮೇಣ ಸಿಡಿದ ಚುಕ್ಕೆಗಳು ಮಚ್ಚೆಗಳ ಹಾಗೆ ಕೂತುಬಿಟ್ಟಿವೆ. ನಮ್ಮ ಬೀದಿಗೆ ಅವಳು ಬತ್ತಿಯಮ್ಮ. ಚಿಕ್ಕಪ್ಪ ಅದನ್ನೂ ಬಿಡುವುದಿಲ್ಲ: "ಊರಲ್ಲಿ ಬೇಕಾದಷ್ಟು ಜನ ಬತ್ತಿ ಇಡ್ತಾರೆ. ಸಂಬಳ ತಗೊಂಡು ಇಡೋಳು ಇವಳೊಬ್ಬಳೇ."

ಆ ಕಾರ್ಖಾನೆಯ ಯಜಮಾನನ ಜೊತೆ ಚಿಕ್ಕಮ್ಮನಿಗೆ ಒಂದೇ ಒಂದು ಜಗಳ, ಆದರೆ ಹಳೆಯ ಜಗಳ. ಅವನ ಲೆಕ್ಕದಲ್ಲಿ ರೋಜಾ ಅಂದರೆ ರೋಜಾ, ಎಲ್ಲ ಲೋಟಕ್ಕೂ ಒಂದೇ ಅಳತೆ. ಇವಳ ಲೆಕ್ಕದಲ್ಲಿ ಮೇಣದಬತ್ತಿ ಮಾಡುವುದು ಕೋಣೆಗೆ. ಬಾಗಿಲು ಹಾಕಿದ ಸಣ್ಣ ಕೋಣೆಯಲ್ಲಿ ತಲೆ ಸಿಡಿಸುವ ಘಮ ದೊಡ್ಡ ಹಾಲಿನಲ್ಲಿ ಹಚ್ಚಿದರೆ ಇದ್ದೂ ಇಲ್ಲದ ಹಾಗೆ. ಒಲೆ ಪಕ್ಕದಲ್ಲಿ ಸಿಹಿ ಹೂವಿನ ಘಮ ಇಟ್ಟರೆ ಹುರಿದ ಈರುಳ್ಳಿಯ ಜೊತೆ ಸೇರಿ ಹೊಟ್ಟೆ ತೊಳಸುತ್ತದೆ. ಇದನ್ನೆಲ್ಲ ಅವಳು ಹೇಳಿದಾಗಲೆಲ್ಲ ಯಜಮಾನನ ಉತ್ತರ ಒಂದೇ: "ಅವರು ಎಲ್ಲಿ ಹಚ್ಚಿದ್ರೆ ನಿನಗೇನಮ್ಮಾ? ಸುರಿ."

ಹಾಗಿರುವಾಗ ಒಂದು ದಿನ ಕಾರ್ಖಾನೆಯ ಬತ್ತಿ ಡಬ್ಬಗಳನ್ನು ಕೊಡಲು ಹೋದಲ್ಲಿ, ದೊಡ್ಡ ರಸ್ತೆಯ ಮೂಲೆಯಂಗಡಿಯ ಮೇಡಂ ಸಿಟ್ಟಿನಲ್ಲಿದ್ದರಂತೆ. ಅದು ಮನೆ ಅಲಂಕಾರದ ಅಂಗಡಿ. ದಿಂಬಿನ ಕವರು, ಹೂದಾನಿ, ಕನ್ನಡಿ, ಒಂದು ಗೋಡೆತುಂಬ ಪರಿಮಳದ ಮೇಣದಬತ್ತಿ. ಗಿರಾಕಿ ಒಬ್ಬರು ಬಚ್ಚಲಲ್ಲಿ ಹಚ್ಚಿ ತಲೆನೋವು ಬಂತು ಅಂತ ಬತ್ತಿ ವಾಪಸ್ ಕೊಟ್ಟಿದ್ದರು. ಅದೇ ಬತ್ತಿಯನ್ನು ಇನ್ನೊಬ್ಬರು ಹಾಲಿನಲ್ಲಿ ಹಚ್ಚಿ ಏನೂ ಬರಲೇ ಇಲ್ಲ ಅಂದಿದ್ದರು. ಯಾರೂ ಕೇಳದಿದ್ದರೂ ಚಿಕ್ಕಮ್ಮ ಅಲ್ಲೇ ನಿಂತು ಪಾಠ ಶುರು ಮಾಡಿದಳು. ಮೇಡಂ ಕೇಳುವಷ್ಟು ಕೇಳಿ ಹೇಳಿದರು: "ಅಷ್ಟು ಗೊತ್ತಿದ್ರೆ ಮಾಡಿ ತೋರ್ಸಿ. ನಾಲ್ಕು ಕೋಣೆಗೆ ನಾಲ್ಕು. ಭಾನುವಾರ ನಿಮ್ಮನೆಗೇ ಬಂದು ನೋಡ್ತೀನಿ. ಸರಿಯಿದ್ರೆ ಇನ್ಮೇಲೆ ನನ್ನ ಅಂಗಡಿಗೆ ನೀವೇ ಮಾಡ್ಕೊಡಿ."

ಈ ಸುದ್ದಿ ಚಿಕ್ಕಮ್ಮ ಶೆಡ್ಡಿಗೆ ವಾಪಸಾಗುವ ಮುಂಚೆಯೇ ಯಜಮಾನನ ಕಿವಿ ಮುಟ್ಟಿತ್ತು. ಅವನು ಬೈಯಲಿಲ್ಲ. "ರಜೆ ತಗೊಂಡು ಆಟ ಆಡಮ್ಮ. ಸೋಮವಾರ ಬಂದ್ರೆ ಹಳೇ ಥರಾನೇ ಬಾಯಿ ಮುಚ್ಕೊಂಡು ಸುರಿ. ಇಲ್ದಿದ್ರೆ ಬರ್ಲೇಬೇಡ" ಎಂದನಂತೆ. ಅಂದರೆ ಭಾನುವಾರ ಗೆದ್ದರೆ ಸ್ವಂತ ಕೆಲಸ, ಸೋತರೆ ಬಾಯಿಗೆ ಬೀಗ.

ಅವತ್ತಿನಿಂದ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಹಾಲಿಗೆ ದೇವದಾರು ಮರದ ಘಮ, ಅಡುಗೆಮನೆಗೆ ನಿಂಬೆ, ಮಲಗುವ ಕೋಣೆಗೆ ಲ್ಯಾವೆಂಡರ್, ಬಚ್ಚಲಿಗೆ ಪುದೀನ. ನಾಲ್ಕೂ ಕಡೆ ದೀಪಗಳು ಉರಿಯುತ್ತಿದ್ದವು, ಅವುಗಳ ನಡುವೆ ಚಿಕ್ಕಮ್ಮ ಪಗಡೆ ಕಾಯಿಯ ಹಾಗೆ ಓಡಾಡುತ್ತಿದ್ದಳು. ಒಂದು ಕೋಣೆಗೆ ಬರುವುದು, ಮೂಗು ಎತ್ತುವುದು, ಹುಬ್ಬು ಗಂಟಿಕ್ಕುವುದು, ಓಡುವುದು. ಟೀ ಲೋಟವನ್ನು ಎಲ್ಲೋ ಇಟ್ಟು ಮರೆತು ಇನ್ನೊಂದು ಟೀ ಮಾಡಿಕೊಳ್ಳುವುದು.

ಹಾಲಿನದು ದೊಡ್ಡ ತಲೆನೋವು. ಚಿಕ್ಕಪ್ಪ ವ್ಯಾನ್ ನಿಲ್ಲಿಸಿ ಬಂದರೆ ಫ್ಯಾನ್ ಹಾಕಲೇಬೇಕು. ಫ್ಯಾನ್ ಹಾಕಿದರೆ ಉರಿ ಒಂದೇ ಪಕ್ಕಕ್ಕೆ ಬಾಗಿ ಮೇಣ ಓರೆಯಾಗಿ ಕರಗಿ, ಗಾಜಿನ ಒಳಗೆಲ್ಲ ಮಸಿ.

"ರೀ, ಫ್ಯಾನ್ ಆರ್ಸಿ."

"ನಾನು ಕರಗಿ ಹೋಗ್ತೀನಲ್ಲೇ."

"ನೀವು ಕರಗಿದ್ರೆ ಪರವಾಗಿಲ್ಲ, ಸಮವಾಗಿ ಕರಗಿ. ಘಮ ಬರ್ತಿದೆಯಾ ಹೇಳಿ."

"ಅಷ್ಟೇನಿಲ್ಲ."

ಮಲಗುವ ಕೋಣೆಯಲ್ಲಿ ಅಜ್ಜಿಯ ಮಂಚ. ಅಲ್ಲಿಯೂ ಅದೇ ವಿಚಾರಣೆ. "ಅತ್ತೆ, ಹೇಗಿದೆ? ನಿದ್ದೆ ಬರೋ ಹಾಗಿದೆಯಾ?"

"ನಿದ್ದೆ ಬಂದಿತ್ತಮ್ಮ. ನೀನು ಎಬ್ಬಿಸಿ ಕೇಳ್ದೆ."

"ಘಮ?"

"ಅಂಥಾದ್ದೇನೂ ಕಾಣೆ."

ಮತ್ತೆ ಮೇಣ ಕರಗಿಸು, ಮತ್ತೆ ಎಣ್ಣೆ. ಕೊನೆಗೆ ಬತ್ತಿಗಳ ಮೇಲೆ ಸಣ್ಣ ಸಣ್ಣ ಹನಿ ಎದ್ದು ನಿಂತವು. ಹಿಡಿಯಲಾರದಷ್ಟು ಎಣ್ಣೆ ಸೇರಿದರೆ ಮೇಣ ಬೆವರುತ್ತದೆ, ಇದು ಆ ಕೆಲಸದಲ್ಲಿ ಮೊದಲ ವಾರದವರಿಗೂ ಗೊತ್ತು. ಚಿಕ್ಕಮ್ಮ ಕಾಗದದಲ್ಲಿ ಒರೆಸಿ "ಸೆಕೆ ಜಾಸ್ತಿ, ಅದಕ್ಕೇ" ಅಂದಳು. ಸೆಕೆ ಇರಲಿಲ್ಲ.

ಶುಕ್ರವಾರ ಅಮ್ಮ ಬಂದಳು. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಒಂದು ಕಾಲು ಒಳಗಿಟ್ಟವಳು ಹಾಗೇ ಹಿಂದಕ್ಕೆ ಹೋಗಿ ಸಾಲಾಗಿ ಸೀನಿದಳು. ಕಣ್ಣಲ್ಲಿ ನೀರು.

"ಏನೇ ಇದು? ಮನೇನೋ, ಸೋಪಿನ ಡಬ್ಬಿನೋ?"

ನಾವೆಲ್ಲ ನಕ್ಕೆವು. ಅಮ್ಮ ನಗಲಿಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕೇಳಿದಳು: "ನಿಮಗ್ಯಾರಿಗೂ ಗೊತ್ತಾಗ್ತಾನೇ ಇಲ್ವಾ?"

"ಏನು ಗೊತ್ತಾಗೋದು ಅಕ್ಕ?"

"ಏನು ಅಂದ್ರೆ? ಬೀದಿ ತಿರುವಲ್ಲೇ ನಿಮ್ಮನೆ ಬಂತು ಅಂತ ಗೊತ್ತಾಯ್ತು ನಂಗೆ!" ನನ್ನ ಜಡೆ ಹಿಡಿದು ಎಳೆದು ಮೂಸಿ ನೋಡಿದಳು. "ಇವಳ ತಲೇಲಿ ಲ್ಯಾವೆಂಡರು. ಅಯ್ಯೋ, ಇವಳ ಪುಸ್ತಕದ ಚೀಲದಲ್ಲೂ!"

ನನಗೆ ತಕ್ಷಣ ಬಸ್ಸು ನೆನಪಾಯಿತು. ನಾನು ಕೂತ ಸೀಟಿನ ಪಕ್ಕ ಖಾಲಿಯಿದ್ದರೂ ಈಚೆಗೆ ಯಾರೂ ಬಂದು ಕೂರುತ್ತಿರಲಿಲ್ಲ. ನಾನು ಗಂಭೀರವಾಗಿ ಕಾಣುತ್ತಿದ್ದೇನೆ ಅಂದುಕೊಂಡಿದ್ದೆ. ಚಿಕ್ಕಪ್ಪ ನಿಧಾನವಾಗಿ ತನ್ನ ಅಂಗಿಯ ತೋಳು ಮೂಸಿಕೊಂಡ. "ವ್ಯಾನಲ್ಲಿ ಮಕ್ಕಳು ಎಲ್ಲಾ ಕಿಟಕಿ ತೆಗೀತಿದ್ರು. ಗಾಳಿ ಬೇಕೇನೋ ಅಂದ್ಕೊಂಡೆ" ಎಂದ.

ಚಿಕ್ಕಮ್ಮನ ಮುಖದ ಬಣ್ಣ ಇಳಿಯಿತು. ಕಾರಣವನ್ನು ಯಾರೂ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಘಮದ ನಡುವೆ ಇರುವವರ ಮೂಗು ಆ ಘಮವನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ಬಿಟ್ಟುಬಿಡುತ್ತದೆ. ಶೆಡ್ಡಿನಲ್ಲಿ ಎಷ್ಟೋ ವರ್ಷ ಅವಳು ಬತ್ತಿ ಮೂಸುವ ಮುಂಚೆ ಅಂಗಳಕ್ಕೆ ಹೋಗಿ ನಿಂತು ಬರುತ್ತಿದ್ದಳು. ಮನೆಯೇ ಶೆಡ್ಡಾಗಿದೆ ಅನ್ನುವುದು ಮಾತ್ರ ಅವಳಿಗೆ ಹೊಳೆದಿರಲಿಲ್ಲ. ಮೂಗು ಸತ್ತ ನಾಲ್ಕು ಜನ ಸೇರಿ "ಅಷ್ಟೇನಿಲ್ಲ, ಅಷ್ಟೇನಿಲ್ಲ" ಅಂತ ಅವಳನ್ನು ತಳ್ಳಿಕೊಂಡು ಹೋಗಿದ್ದೆವು, ಅವಳೂ ನಮ್ಮಲ್ಲಿ ಒಬ್ಬಳು.

"ಎದ್ದೇಳಿ ಎಲ್ಲಾರೂ!" ಎಂದಳು. ನಾವೆಲ್ಲ ನಿಂತೇ ಇದ್ದೆವು.

ಪರದೆ ಕಿತ್ತೆವು. ಹಾಸಿಗೆ, ಹೊದಿಕೆ, ದಿಂಬು, ಟವೆಲು ಎಲ್ಲ ಮಹಡಿಗೆ. ಅಜ್ಜಿಯನ್ನು ಮಂಚದ ಸಮೇತ ಎತ್ತುವುದೊಂದು ಬಾಕಿ. ಕಿಟಕಿಗಳನ್ನೆಲ್ಲ ತೆರೆದು, ನೆಲ ಬರೀ ನೀರಿನಲ್ಲಿ ಒರೆಸಿ, ಬೆವರಿದ ಬತ್ತಿಗಳನ್ನು ಮುಚ್ಚಳ ಬಿಗಿದು ಒಂದು ಉಕ್ಕಿನ ಡಬ್ಬಿಯಲ್ಲಿಟ್ಟು ಅಟ್ಟಕ್ಕೆ ಹಾಕಿದಳು. ಹೊಸ ಮೇಣ ಕರಗಿಸಿದಳು. ಈ ಸಲ ಎಣ್ಣೆ ತುಂಬ ಕಮ್ಮಿ. ಬಚ್ಚಲಿಗೆ ಇನ್ನೂ ಕಮ್ಮಿ, ಒಳಗಿನ ದಾರವೂ ಸಪೂರ.

ಈಗ ಹೊರಗಿನ ಮೂಗು ಬೇಕಿತ್ತು. ಅಮ್ಮ ತಲೆ ಹಿಡಿದುಕೊಂಡು ಸಂಜೆಯೇ ವಾಪಸ್ ಹೊರಟಿದ್ದಳು. ಹಾಗಾಗಿ ಪಕ್ಕದ ಅಂಗಡಿಯ ಟೈಲರ್ ಸಿಕ್ಕಿಬಿದ್ದ. ಕೊರಳಲ್ಲಿ ಟೇಪು, ಕಿವಿಯ ಮೇಲೆ ಸೀಮೆಸುಣ್ಣ. ಚಿಕ್ಕಮ್ಮ ಕರೆದಾಗಲೆಲ್ಲ ಅವನು ಹೊಲಿಗೆ ಬಿಟ್ಟು ಬಂದು ಒಂದೊಂದು ಕೋಣೆಯ ಬಾಗಿಲಲ್ಲಿ ನಿಂತು ಉಸಿರು ಎಳೆದು ತೀರ್ಪು ಕೊಡುತ್ತಿದ್ದ.

"ಬಚ್ಚಲಿಂದು ಕಾಲರ್ ಹತ್ರ ಸ್ವಲ್ಪ ಬಿಗಿ ಅಕ್ಕ."

"ಇನ್ನೂ ಇಳಿಸ್ಬೇಕಾ?"

"ಒಂದು ಚೂರು ಬಿಡ್ಸಿ. ಬೆಡ್‌ರೂಮಿಂದು ಪರ್ಫೆಕ್ಟು. ಮೈಗೂ ಅಂಟ್ಕೊಂಡಿಲ್ಲ, ಜೋತೂ ಬಿದ್ದಿಲ್ಲ."

"ಹಾಲಿಂದು?"

"ಹಾಲಿಗೆ ಬಟ್ಟೆನೇ ಸಾಲ್ದು ಅಕ್ಕ. ಇಷ್ಟು ದೊಡ್ಡ ಕೋಣೆಗೆ ಕರ್ಚೀಫ್ ಹೊಲ್ದಂಗಿದೆ."

ಚಿಕ್ಕಪ್ಪ ಏನೋ ಹೇಳಲು ಬಾಯಿ ತೆರೆದ. "ನೀವು ಸುಮ್ನಿರಿ, ನಿಮ್ಮ ಮೂಗಿಗೆ ಮತದಾನದ ಹಕ್ಕಿಲ್ಲ" ಎಂದು ಚಿಕ್ಕಮ್ಮ ಬಾಯಿ ಮುಚ್ಚಿಸಿದಳು.

ಶನಿವಾರ ಸಂಜೆಯ ಹೊತ್ತಿಗೆ ಟೈಲರ್ ಮೂರು ಕೋಣೆಗೆ ತಲೆಯಾಡಿಸಿದ. ದೊಡ್ಡ ಹಾಲ್ ಮಾತ್ರ ದಕ್ಕಲಿಲ್ಲ.

ಭಾನುವಾರ ಬೆಳಗ್ಗೆ ಮೇಡಂ ಬಂದರು. ಅವರಿಗಿಂತ ಮುಂಚೆ ಅವರ ಸೆಂಟು ಬಂತು. ಚಿಕ್ಕಮ್ಮ ಹಿಂದಿನ ಎರಡು ದಿನ ನಮ್ಮನ್ನು ಆದಷ್ಟೂ ಹೊರಗೇ ಅಟ್ಟಿದ್ದರಿಂದ ನಮ್ಮ ಮೂಗುಗಳಿಗೆ ಅಷ್ಟಿಷ್ಟು ಜೀವ ಬಂದಿತ್ತು. ಮೇಡಂ ಅಡುಗೆಮನೆಯಲ್ಲಿ ನಿಂತರು, ಬಚ್ಚಲ ಬಾಗಿಲು ತೆರೆದರು, ಮಲಗುವ ಕೋಣೆಗೆ ಹೋದರು, ಹಾಲಿಗೆ ವಾಪಸ್ ಬಂದರು.

"ಹಚ್ಚಿದೀರಾ?"

"ಹೂಂ ಮೇಡಂ. ಎಲ್ಲಾ ಕಡೆ."

"ಏನೂ ಬರ್ತಾನೇ ಇಲ್ವಲ್ರೀ." ಇನ್ನೊಂದು ಸುತ್ತು ಹಾಕಿದರು. "ಇಲ್ಲ. ಬರೀ ಬೆಳಕು. ಬೆಳಕಿಗೆ ನನ್ನತ್ರ ಬಲ್ಬಿದೆ."

ಚಿಕ್ಕಮ್ಮ ನೀರು ತರುತ್ತೇನೆ ಎಂದು ಅಡುಗೆಮನೆಗೆ ಓಡಿದಳು. ಹಿಂದೆ ಚಿಕ್ಕಪ್ಪ, ಅವನ ಹಿಂದೆ ನಾನು. ಚಿಕ್ಕಪ್ಪ ಅಟ್ಟದ ಕಡೆ ಕಣ್ಣು ಮಾಡಿ ಪಿಸುಗುಟ್ಟಿದ: "ಹಳೇದು ಇದೆಯಲ್ಲ, ಬೆವರೋದು. ಅದನ್ನ ಹಚ್ಚಿಬಿಡು. ಆಯಮ್ಮಂಗೆ ಅದೇ ಇಷ್ಟ ಆಗೋದು. ನಿಂಗೆ ಕೆಲಸ ಆದ್ರೆ ಸಾಕಲ್ವಾ?"

ಅವಳು ಸ್ಟೂಲ್ ಎಳೆದು ಹತ್ತಿದಳು. ಡಬ್ಬಿ ಕೈಗೆ ತೆಗೆದುಕೊಂಡಳು. ಒಂದು ಗಳಿಗೆ ಅದನ್ನು ಎದೆಗೆ ಒತ್ತಿ ಹಿಡಿದು ಸ್ಟೂಲಿನ ಮೇಲೇ ನಿಂತಳು. "ಇದನ್ನ ಮಾಡೋದಾದ್ರೆ ಶೆಡ್ಡಲ್ಲೇ ಸುರೀಬಹುದಲ್ರೀ" ಎಂದು ಡಬ್ಬಿಯನ್ನು ಮೊದಲಿನ ಜಾಗದಲ್ಲೇ ಇಟ್ಟು ಇಳಿದಳು. ನೀರು ಮರೆತು ಬರಿಗೈಯಲ್ಲಿ ಹಾಲಿಗೆ ಹೋದಳು.

"ಮೇಡಂ, ಒಂದು ಮಾತು ಕೇಳ್ಳಾ? ಬೇಜಾರು ಮಾಡ್ಕೋಬಾರ್ದು. ನಿಮ್ಮ ಅಂಗಡೀಲಿ ಏನು ಘಮ ಬರುತ್ತೆ?"

"ಅಂಗಡೀಲಾ?" ಮೇಡಂ ಯೋಚಿಸಿದರು. "ಏನೂ ಇಲ್ಲ. ಅಂಗಡಿ ಥರ ಇರುತ್ತೆ."

ನಾನು ಚಿಕ್ಕಪ್ಪನ ಮುಖ ನೋಡಿದೆ. ಆ ಅಂಗಡಿಯ ಘಮ ರಸ್ತೆ ದಾಟಿ ಎದುರಿನ ಔಷಧಿ ಅಂಗಡಿಯವರೆಗೆ ಬರುತ್ತದೆ.

"ನಮಗೂ ಹಾಗೇ ಆಗಿತ್ತು ಮೇಡಂ" ಎಂದಳು ಚಿಕ್ಕಮ್ಮ, ಮೆಲ್ಲಗೆ. "ಮೊನ್ನೆ ತನಕ ಈ ಮನೇಲಿ ಯಾರಿಗೂ ಏನೂ ಬರ್ತಿರ್ಲಿಲ್ಲ. ಹೊರಗಿಂದ ನಮ್ಮಕ್ಕ ಬಂದು ಸೀನಿದ್ಮೇಲೆ ಗೊತ್ತಾಯ್ತು. ನಿಮ್ಮ ಮೂಗಿಗೆ ಸ್ವಲ್ಪ ರಜೆ ಕೊಡಿ. ಮುಖ, ಕೈ ಬರೀ ನೀರಲ್ಲಿ ತೊಳ್ಕೊಂಡು ಮಹಡೀಲಿ ಗಾಳಿಗೆ ಕೂತ್ಕೊಳಿ. ಆಮೇಲೆ ಬಂದು ನೋಡಿ. ಆಗ್ಲೂ ಬರ್ದಿದ್ರೆ ನಾನೇನೂ ಮಾತಾಡಲ್ಲ."

ಮೇಡಂಗೆ ಸಿಟ್ಟು ಬಂದದ್ದು ಕಾಣಿಸಿತು. ಕೈಚೀಲ ಹೆಗಲಿಗೇರಿಸಿದರು. ಆದರೆ ಹೊರಡಲಿಲ್ಲ. "ನನ್ನ ಮಗಳು ಒಂದ್ಸಲ ಹೇಳಿದ್ಲು" ಎಂದರು, ನಮಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ. "'ಅಮ್ಮ, ನೀನು ಹೋದ್ಮೇಲೂ ಲಿಫ್ಟಲ್ಲಿ ನೀನು ಇರ್ತೀಯ' ಅಂತ. ತಮಾಷೆ ಅಂದ್ಕೊಂಡೆ."

ಮಹಡಿಯಲ್ಲಿ ನೀರಿನ ಟ್ಯಾಂಕಿನ ನೆರಳಿಗೆ ಒಂದು ಹಲಗೆ ಹಾಕಿ ಕೂರಿಸಿದೆವು. ಮೇಡಂ ಅಭ್ಯಾಸಬಲದಿಂದ ಚೀಲದೊಳಗಿಂದ ಕೈಗೆ ಹಚ್ಚುವ ಕ್ರೀಮ್ ತೆಗೆದರು. ಚಿಕ್ಕಮ್ಮ ಆ ಟ್ಯೂಬನ್ನು ಮಗುವಿನ ಕೈಯಿಂದ ಕತ್ತರಿ ತೆಗೆಯುವಂತೆ ತೆಗೆದು ನನಗೆ ಕೊಟ್ಟಳು. ಆಮೇಲೆ ಕಾಯುವುದು. ಮೇಡಂ ಫೋನ್ ನೋಡುತ್ತ ಕೂತರು. ಚಿಕ್ಕಮ್ಮ ಒಣಗಿದ ಪರದೆಯನ್ನು ಮಡಚಿ, ಮತ್ತೆ ಬಿಡಿಸಿ ಹಗ್ಗಕ್ಕೆ ಹಾಕಿದಳು. ಗೋಡೆಯಿಂದ ಬಗ್ಗಿ ಕೆಳಗಿದ್ದ ಚಿಕ್ಕಪ್ಪನನ್ನು ಕೂಗಿದಳು. "ರೀ, ಹಾಲಿನ ಉರಿ ಬಾಗ್ತಿದೆಯಾ?" "ಇಲ್ಲ!" "ಬಚ್ಚಲ ಬಾಗಿಲು ಹಾಕಿದೀರಾ?" "ಹಾಕಿದೀನಿ!" "ಯಾರೂ ಒಳಗೆ ಹೋಗಿಲ್ಲ ತಾನೆ?" "ನಾನು ಹೋಗ್ಬೇಕು, ತಡ್ಕೊಂಡಿದೀನಿ!"

ಅಷ್ಟರಲ್ಲಿ ಕೆಳಗಿನಿಂದ ಚುಂಯ್ ಎಂದು ಸದ್ದು. ಎಣ್ಣೆಗೆ ಈರುಳ್ಳಿ ಬಿದ್ದಿತ್ತು.

"ಅತ್ತೇ! ಒಲೆ ಆರ್ಸಿ!"

"ಅಡುಗೆ ಮಾಡ್ಬಾರ್ದಾ ಹಾಗಾದ್ರೆ? ಮೇಣ ತಿನ್ನೋಣ್ವಾ?" ಅಜ್ಜಿಯ ದನಿ.

ಚಿಕ್ಕಮ್ಮ ಮೆಟ್ಟಿಲ ತನಕ ಓಡಿದವಳು ಅಲ್ಲೇ ನಿಂತಳು. ಗೋಡೆ ಹಿಡಿದುಕೊಂಡು ಏನೋ ಲೆಕ್ಕ ಹಾಕಿದಳು. "ಆರ್ಸೋದು ಬೇಡ ಅತ್ತೆ, ಮಾಡಿ! ಇನ್ನೂ ಒಂದು ಈರುಳ್ಳಿ ಜಾಸ್ತಿನೇ ಹಾಕಿ!" ಎಂದು ಕೂಗಿದಳು. ತಿರುಗಿ ಬಂದು ನನಗೆ ಹೇಳಿದಳು: "ಅಡುಗೆ ಇಲ್ದಿರೋ ಅಡುಗೆಮನೇಲಿ ಯಾವ ಬತ್ತಿ ಬೇಕಾದ್ರೂ ಪಾಸಾಗುತ್ತೆ."

ಕೊನೆಗೆ ಮೇಡಮ್ಮೇ ಫೋನ್ ಚೀಲಕ್ಕೆ ಹಾಕಿ ಎದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಮೂಗು ಅರಳಿಸಿದರು. "ಈರುಳ್ಳಿ ಇದೆ. ಆದ್ರೆ ಮೈಮೇಲೆ ಬೀಳ್ತಿಲ್ಲ. ಹಿಂದೆ ಏನೋ ಹುಳಿ ಹುಳಿ… ನಿಂಬೆನಾ?" ಚಿಕ್ಕಮ್ಮ ತಲೆಯಾಡಿಸಿದಳು.

ಬಚ್ಚಲ ಬಾಗಿಲು ತೆರೆದ ಮೇಡಂ ಒಂದು ಹೆಜ್ಜೆ ಒಳಗಿಟ್ಟು, ತಟ್ಟನೆ ನಮ್ಮ ಕಡೆ ತಿರುಗಿದರು.

"ಇದು ಆಗ್ಲೂ ಉರೀತಿತ್ತಾ?"

"ಆಗ್ಲೂ ಉರೀತಿತ್ತು ಮೇಡಂ. ಇದೇ ಬತ್ತಿ."

ಮೇಡಂ ಬಚ್ಚಲಲ್ಲೇ ಸ್ವಲ್ಪ ಹೊತ್ತು ನಿಂತರು. ಮಲಗುವ ಕೋಣೆಯಲ್ಲಿ ಅಜ್ಜಿಯ ಮಂಚದ ತುದಿಯಲ್ಲಿ ಕೂತರು. "ನನ್ನ ಮನೆ ಈಗ ಹೇಗಿರ್ಬಹುದು" ಎಂದರು.

"ಹಾಲಿಂದು ಮಾತ್ರ ಈಗಲೂ ಬರ್ತಿಲ್ಲ" ಎಂದರು ಹೊರಗೆ ಬಂದು.

ಚಿಕ್ಕಪ್ಪ "ಫ್ಯಾನಿಂದ ಮೇಡಂ" ಎಂದು ಶುರು ಮಾಡಿದ. ಚಿಕ್ಕಮ್ಮ ತಡೆದಳು. "ಬರ್ತಿಲ್ಲ ನಿಜ. ದೊಡ್ಡ ಕೋಣೆಗೆ ಒಂದು ಸಾಲ್ದು, ಎರಡು ಮೂಲೇಲಿ ಎರಡು ಬೇಕೇನೋ. ಲೋಟ ಅಗಲ ಇರ್ಬೇಕೇನೋ. ಇನ್ನೂ ನಂಗೆ ಸಿಕ್ಕಿಲ್ಲ."

"ಇನ್ನೊಂದು ಕಷ್ಟ ಇದೆ. ಇದನ್ನ ನನ್ನ ಗೋಡೇಲಿ ಇಟ್ರೆ ಯಾರಿಗ್ರೀ ಗೊತ್ತಾಗುತ್ತೆ? ಮುಚ್ಚಳ ತೆಗೆದು ಮೂಸ್ತಾರೆ, ಏನೂ ಇಲ್ಲ ಅಂತಾರೆ, ಪಕ್ಕದ್ದು ತಗೊಂಡು ಹೋಗ್ತಾರೆ."

"ಅಂಗಡೀಲಿ ಮೂಸೋಕೇ ಬಿಡ್ಬೇಡಿ. ಸಣ್ಣ ಸಣ್ಣ ಲೋಟದಲ್ಲಿ ಮಾಡ್ಕೊಡ್ತೀನಿ, ಮನೆಗೆ ಕೊಟ್ಟು ಕಳ್ಸಿ. ಅವರವರ ಬಚ್ಚಲಲ್ಲಿ ಅವರೇ ಹಚ್ಲಿ. ಬೇಕಾದ್ರೆ ಬರ್ತಾರೆ."

"ಯೋಚ್ನೆ ಮಾಡಿ ನಾಡಿದ್ದು ಹೇಳ್ತೀನಿ."

"ಇಲ್ಲ ಮೇಡಂ, ಇವತ್ತೇ ಹೇಳಿ." ಚಿಕ್ಕಮ್ಮನ ದನಿ ಸ್ವಲ್ಪ ಜೋರಾಯಿತು. "ನಾಳೆ ಬೆಳಗ್ಗೆ ನಾನು ಎಲ್ಲಿ ನಿಂತಿರ್ಬೇಕು ಅಂತ ನಂಗೆ ಗೊತ್ತಾಗ್ಬೇಕು."

ಮೇಡಂ ಅವಳನ್ನೇ ನೋಡಿದರು. ನನ್ನ ಕೈಲಿದ್ದ ಕ್ರೀಮ್ ಇಸಿದುಕೊಂಡು, ಹಚ್ಚಿಕೊಳ್ಳದೆ ಚೀಲಕ್ಕೆ ಹಾಕಿಕೊಂಡರು. "ಮೂರು ಕೋಣೆದು ಮಾಡಿ. ಸಣ್ಣ ಲೋಟದಲ್ಲೂ ಮಾಡಿ. ಹಾಲಿಂದು ಬೇಡ. ಅದು ನಿಮಗೆ ಸಿಕ್ಕಾಗ ಬಂದು ನೋಡ್ತೀನಿ, ಆದ್ರೆ ಮೊದಲು ಮಹಡಿಗೆ ಹೋಗಿ ಕೂತ್ಕೋತೀನಿ."

ಅವರ ಸ್ಕೂಟರ್ ಬೀದಿಯ ತಿರುವು ದಾಟುವ ಮುಂಚೆಯೇ ಚಿಕ್ಕಮ್ಮ ಯಜಮಾನನಿಗೆ ಫೋನ್ ಮಾಡಿದಳು. "ಅಣ್ಣಾ, ನಾಳೆ ಬರಲ್ಲ… ಇಲ್ಲ, ನಾಡಿದ್ದೂ ಇಲ್ಲ… ಹೂಂ, ಇನ್ನು ಬರಲ್ಲ." ಆ ಕಡೆಯಿಂದ ಏನೋ ಉದ್ದವಾಗಿ ಕೇಳಿಬಂತು. ಇವಳು "ಹೂಂ ಅಣ್ಣಾ", "ಗೊತ್ತು ಅಣ್ಣಾ" ಅನ್ನುತ್ತಾ ಹಾಲಿನ ಈ ಗೋಡೆಯಿಂದ ಆ ಗೋಡೆಗೆ ನಡೆದಳು. ಫೋನ್ ಇಟ್ಟ ಮೇಲೂ ನಡೆಯುತ್ತಲೇ ಇದ್ದಳು.

"ಏನಂದ?" ಚಿಕ್ಕಪ್ಪ ಕೇಳಿದ.

"ಒಳ್ಳೇದಾಗ್ಲಿ ಅಂದ. ಬೈತಾನೆ ಅಂದ್ಕೊಂಡಿದ್ದೆ." ಅವಳು ಹಾಲಿನ ನಡುವೆ ನಿಂತಳು. ಗಡಿಯಾರ ನೋಡಿದಳು, ನಮ್ಮನ್ನು ನೋಡಿದಳು. "ರೀ, ನಾಳೆ ನಾನು ಎಷ್ಟು ಹೊತ್ತಿಗೆ ಏಳ್ಬೇಕು?"

"ಯಾಕೆ?"

"ಇಷ್ಟು ವರ್ಷ ಶೆಡ್ಡಿನ ಬಾಗಿಲು ತೆಗೆಯೋ ಹೊತ್ತಿಗೆ ಎದ್ದೆ. ಈಗ ಬಾಗಿಲು ತೆಗೆಯೋಳು ನಾನೇ ಅಲ್ವಾ? ಲೇಟಾಯ್ತು ಅಂತ ಬೈಯೋರು ಯಾರು ನಂಗೆ?"

ಒಳಗಿನಿಂದ ಅಜ್ಜಿ ಕೂಗಿದರು: "ನಾನಿದೀನಲ್ಲ, ನಾನು ಬೈತೀನಿ. ಈಗ ಊಟಕ್ಕೆ ಬನ್ನಿ ಎಲ್ಲಾರೂ, ಈರುಳ್ಳಿ ಸೀದು ಹೋಗಿದೆ."